ಕರೆದು ತರಿಸಿದ ಸಿಡಿಲು

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ, ಅಲ್ಲಿಂದ ಮುಂದೆ ಬೇಲೂರಿಗೆ ಹೋಗುವ ದಾರಿ ಶಿಲ್ಪಪ್ರಿಯರಿಗೆ ಹೊಸದಲ್ಲ. ಶಿಲ್ಪವನ್ನು ಬಿಟ್ಟು ಆಕಾಶವನ್ನು ನೋಡುವವರಿಗೂ ಈ ದಾರಿ ಒಂದು ಪಾಠಶಾಲೆಯೇ. ಅರಸೀಕೆರೆಯ ಸುತ್ತಲಿನದು ಬಯಲುಸೀಮೆ. ಕಣ್ಣು ಹಾಯುವವರೆಗೂ ತೆಂಗಿನ ತೋಟ, ಪೇಟೆಯಲ್ಲಿ ಕೊಬ್ಬರಿಯ ವ್ಯಾಪಾರ. ಬೇಲೂರನ್ನು ಮುಟ್ಟುವ ಹೊತ್ತಿಗೆ ನಾವು ಮಲೆನಾಡಿನ ಸೆರಗಿನಲ್ಲಿ ಇರುತ್ತೇವೆ. ಅಶ್ವಿನಿ ಭರಣಿ ಮಳೆಗಳ ಕಾಲದಲ್ಲಿ ಒಂದು ಮಧ್ಯಾಹ್ನ ಈ ದಾರಿಯಲ್ಲಿ ನಿಂತು ನೋಡಿದರೆ, ಬಿಸಿಲಿಗೆ ಕಾದ ನೆಲದ ಮೇಲೆ ಮೋಡವೊಂದು ಗೋಪುರದಂತೆ ಎದ್ದು, ನೋಡನೋಡುತ್ತಿದ್ದಂತೆ ನೆತ್ತಿ ಹರಡಿಕೊಂಡು, ಬುಡದಲ್ಲಿ ಕಪ್ಪಾಗುವುದು ಕಾಣುತ್ತದೆ. ಆಮೇಲೆ ಮಿಂಚು, ಗುಡುಗು, ಸಿಡಿಲು.

ನಮ್ಮ ಭಾಷೆ ಈ ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ ಎಂಬುದನ್ನು ಗಮನಿಸಬೇಕು. ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು, ಮೈಮೇಲೆ ಎರಗಿದ್ದು ಸಿಡಿಲು. ಮೂರೂ ಒಂದೇ ಘಟನೆಯ ಮೂರು ಮುಖಗಳೆಂದು ಇಂದು ಶಾಲೆಯ ಮಕ್ಕಳೂ ಹೇಳಿಯಾರು. ಆದರೆ ಎರಗಿದ್ದನ್ನು ಕಂಡವರಿಗೆ ಆ ಬೇರೆ ಹೆಸರಿನ ಅವಶ್ಯಕತೆ ಚೆನ್ನಾಗಿ ತಿಳಿದಿರುತ್ತದೆ.

ಬಾಲ್ಯದ ಒಂದು ನೆನಪನ್ನು ಹೇಳುತ್ತೇನೆ. ಅರಸೀಕೆರೆ ಸೀಮೆಯ ನಮ್ಮ ನೆಂಟರೊಬ್ಬರ ತೋಟ. ಸಂಜೆ ಮಳೆ ಬಂತು. ಮಾತಿನಂತೆ ಅಜ್ಜಿ ನಮ್ಮನ್ನೆಲ್ಲ ಒಳಗೆ ಕೂರಿಸಿಕೊಂಡು ಅರ್ಜುನನ ಹೆಸರುಗಳನ್ನು ಹೇಳಿಸತೊಡಗಿದರು: ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಹೀಗೆ ಹತ್ತು ಹೆಸರುಗಳು. ಅರ್ಜುನ ಇಂದ್ರನ ಮಗ. ಮಗನ ಹೆಸರು ಕೇಳಿದ ಇಂದ್ರ ವಜ್ರಾಯುಧವನ್ನು ಅತ್ತ ಎಸೆಯಲಾರ ಎಂಬ ನಂಬಿಕೆ. ನಾವು ಹೆಸರುಗಳನ್ನು ಮುಗಿಸುವ ಮೊದಲೇ ಮನೆ ನಡುಗುವಂಥ ಸದ್ದಾಯಿತು. ಹೊರಗೆ ಹೋಗಿ ನೋಡಿದರೆ, ತೋಟದ ಅಂಚಿನ ಒಂದು ಹಿರಿಯ ತೆಂಗಿಗೆ ಸಿಡಿಲು ಬಡಿದಿತ್ತು. ಮರ ಹಾಗೆಯೇ ನಿಂತಿತ್ತು. ಆದರೆ ಅದರಿಂದ ನಾಲ್ಕು ಮಾರು ದೂರದಲ್ಲಿ ಕಟ್ಟಿದ್ದ ಎರಡು ಎತ್ತುಗಳು ಕಾಲು ಸೆಟೆದು ಬಿದ್ದಿದ್ದವು. ಅವುಗಳ ಪಕ್ಕದಲ್ಲೇ, ಮಳೆಗೆ ಗೋಣಿಚೀಲ ಹೊದ್ದು ಕಾಲು ಜೋಡಿಸಿ ಮುದುರಿ ಕುಳಿತಿದ್ದ ಆಳು ಕಿವಿ ಮುಚ್ಚಿಕೊಂಡು ನಡುಗುತ್ತಿದ್ದ, ಬದುಕಿದ್ದ. ಕೆಲವು ದಿನಗಳ ಮೇಲೆ ಆ ತೆಂಗಿನ ಗರಿಗಳು ಒಂದೊಂದಾಗಿ ಜೋತು, ಸುಳಿ ಕಳಚಿ, ಕೊನೆಗೆ ಬರಿಯ ಕಂಬ ಉಳಿಯಿತು.

ಬಡಿದದ್ದು ಮರಕ್ಕೆ, ಸತ್ತದ್ದು ಮರವನ್ನು ಮುಟ್ಟದೆ ಇದ್ದ ಎತ್ತು, ಉಳಿದದ್ದು ಎತ್ತಿನ ಮಗ್ಗುಲಲ್ಲಿದ್ದ ಮನುಷ್ಯ. ಇದೆಂಥ ನ್ಯಾಯ? ಊರಿನವರು ಆಯುಸ್ಸು ಎಂದರು. ನನ್ನ ಮನಸ್ಸಿನಲ್ಲಿ ಆ ಪ್ರಶ್ನೆ ಬಹಳ ಕಾಲ ಉಳಿಯಿತು. ಅದಕ್ಕೆ ಉತ್ತರ ದೊರೆತದ್ದು ಸಿಡಿಲನ್ನು ತಾವಾಗಿಯೇ ಕರೆದು ತರಿಸಿಕೊಂಡು, ಅದನ್ನು ಅಳೆದು ನೋಡಿದವರ ಬರಹಗಳಲ್ಲಿ.

ಕರೆದು ತರಿಸುವ ಈ ಅವಾಂತರ ಏಕೆ, ಆಕಾಶವೇ ಬೇಕಾದಷ್ಟು ಸಿಡಿಲನ್ನು ಸುರಿಸುತ್ತಿರುವಾಗ ಕಾದು ನೋಡಬಾರದೆ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಕಿಲೋಮೀಟರ್ ಬಯಲಿಗೆ ವರ್ಷದಲ್ಲಿ ೫ ಸಿಡಿಲು ಬಡಿಯುತ್ತವೆ ಎಂದಿಟ್ಟುಕೊಳ್ಳಿ. ನೀವು ೧೦ ಮೀಟರ್ ಉದ್ದ, ೧೦ ಮೀಟರ್ ಅಗಲದ ಒಂದು ಜಾಗವನ್ನು ಗುರುತಿಸಿ, ಅಲ್ಲಿ ಉಪಕರಣಗಳನ್ನು ಹೂಡಿ ಕಾಯುತ್ತೀರಿ. ಅಲ್ಲಿಗೆ ಒಂದು ಸಿಡಿಲು ಬರಲು ಸರಾಸರಿ ೨೦೦೦ ವರ್ಷ ಬೇಕು. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು ೧೧೧೭ರಲ್ಲಿ. ಅಂದು ಕಾಯಲು ಕುಳಿತವನಿಗೆ ಇನ್ನೂ ಅರ್ಧ ಅವಧಿಯೂ ಕಳೆದಿಲ್ಲ! ಬಂದರೂ ಸಿಡಿಲು ನಿಲ್ಲುವುದು ಒಂದು ಸೆಕೆಂಡಿಗಿಂತ ಕಡಿಮೆ ಕಾಲ. ಅದರೊಳಗಿನ ಮುಖ್ಯ ಘಟನೆಗಳು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ನಡೆದುಹೋಗುತ್ತವೆ. ಯಾವಾಗ, ಎಲ್ಲಿ ಎಂಬುದನ್ನು ಮೊದಲೇ ತಿಳಿಸದ ಅತಿಥಿಯನ್ನು ಅಧ್ಯಯನ ಮಾಡುವುದು ಹೇಗೆ?

ಆಹ್ವಾನ ಕಳುಹಿಸುವ ಯೋಚನೆ ಮೊದಲು ಹೊಳೆದದ್ದು ಬೆಂಜಮಿನ್ ಫ್ರಾಂಕ್ಲಿನ್‌ಗೆ. ಎತ್ತರದ ಕಬ್ಬಿಣದ ಸಲಾಕೆಯೊಂದನ್ನು ಮೋಡದತ್ತ ನಿಲ್ಲಿಸಿ, ಅದರಿಂದ ಕಿಡಿ ತೆಗೆದು, ಮಿಂಚು ವಿದ್ಯುತ್ತೇ ಹೌದೆ ಎಂದು ಪರೀಕ್ಷಿಸಬಹುದೆಂದು ಅವನು ಬರೆದ. ಆ ಸಲಹೆಯಂತೆ ೧೭೫೨ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ ದಾಲಿಬಾರ್ ಏರ್ಪಡಿಸಿದ ಪ್ರಯೋಗ ಸಫಲವಾಯಿತು. ಆದರೆ ಆಹ್ವಾನಕ್ಕೆ ಬೆಲೆ ತೆರಬೇಕಾಯಿತು. ಮರುವರ್ಷ, ೧೭೫೩ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಥದೇ ಸಲಾಕೆಯ ಬಳಿ ನಿಂತು ಅಳತೆ ಮಾಡುತ್ತಿದ್ದ ರಿಖ್‌ಮನ್ ಎಂಬ ವಿಜ್ಞಾನಿ ಸಿಡಿಲಿನ ಹೊಡೆತಕ್ಕೆ ಸಿಕ್ಕಿ ಸತ್ತ. ಕರೆಯುವುದು ಸುಲಭ, ಕರೆದ ಮೇಲೆ ದೂರ ನಿಲ್ಲಬೇಕು ಎಂಬ ಪಾಠವನ್ನು ಅವನ ಸಾವು ಕಲಿಸಿತು.

ಮುಂದೆ ಹೋಗುವ ಮೊದಲು, ಮೋಡದಲ್ಲಿ ವಿದ್ಯುತ್ತು ಹುಟ್ಟುವ ಬಗೆಯನ್ನು ಸ್ವಲ್ಪ ನೋಡೋಣ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭಾರತದ ಹವಾಮಾನ ಇಲಾಖೆಯಲ್ಲಿದ್ದ ಸಿಂಪ್ಸನ್ ಎಂಬಾತ ಸಿಮ್ಲಾದಲ್ಲಿ ಮಳೆಹನಿಗಳ ವಿದ್ಯುತ್ತನ್ನು ಅಳೆದು, ದೊಡ್ಡ ಹನಿಗಳು ಒಡೆಯುವಾಗ ವಿದ್ಯುದಾವೇಶ ಬೇರ್ಪಡುತ್ತದೆಂದು ಸೂಚಿಸಿದ. ಇಂದಿನ ತಿಳಿವಳಿಕೆ ಅಲ್ಲಿಂದ ಬಹಳ ಮುಂದೆ ಬಂದಿದೆ. ಮುಖ್ಯ ಪಾತ್ರಧಾರಿ ನೀರಲ್ಲ, ಹಿಮ. ಮೋಡದ ಎತ್ತರದ ಭಾಗದಲ್ಲಿ ಹಗುರವಾದ ಹಿಮದ ಹರಳುಗಳು ಮೇಲಕ್ಕೆ ತೇಲುತ್ತಿರುತ್ತವೆ. ಮೆದುವಾದ ಸಣ್ಣ ಆಲಿಕಲ್ಲುಗಳು ಕೆಳಗೆ ಇಳಿಯುತ್ತಿರುತ್ತವೆ. ಇವು ಒಂದಕ್ಕೊಂದು ಉಜ್ಜಿ ಬೇರೆಯಾಗುವಾಗ ಹರಳುಗಳಿಗೆ ಧನ ಆವೇಶವೂ ಆಲಿಕಲ್ಲುಗಳಿಗೆ ಋಣ ಆವೇಶವೂ ಸಾಮಾನ್ಯವಾಗಿ ದೊರೆಯುತ್ತವೆ. ಹೀಗೆ ಮೋಡದ ನೆತ್ತಿ ಧನ, ನಡು ಋಣ ಆಗುತ್ತದೆ. ನಮ್ಮ ಉಷ್ಣವಲಯದಲ್ಲಿ ಈ ಋಣದ ಉಗ್ರಾಣ ನೆಲದಿಂದ ೬-೭ ಕಿಲೋಮೀಟರ್ ಮೇಲಿರುತ್ತದೆ.

ಈ ಒಂದು ಸಂಗತಿಯಿಂದ ನಮ್ಮ ರೈತರಿಗೆ ಗೊತ್ತಿರುವ ಇನ್ನೊಂದು ಸಂಗತಿ ಅರ್ಥವಾಗುತ್ತದೆ. ಭರಣಿ ಮಳೆ ಗುಡುಗಿ ಸುರಿಯುತ್ತದೆ; ಪುನರ್ವಸು ಪುಷ್ಯ ಮಳೆಗಳು ದಿನಗಟ್ಟಲೆ ಹಿಡಿದು ಸುರಿದರೂ ಗುಡುಗು ಕಡಿಮೆ. ಬೇಲೂರಿನ ಆಷಾಢದ ಮಳೆಯಲ್ಲಿ ಕಂಬಳಿ ಬೇಕು, ಕಿವಿ ಮುಚ್ಚಿಕೊಳ್ಳುವ ಅಗತ್ಯ ಅಪರೂಪ. ಪಡುವಣ ಗಾಳಿ ಘಟ್ಟಕ್ಕೆ ತಂದು ಒತ್ತುವ ಮುಂಗಾರಿನ ಮೋಡ ಬಹುಮಟ್ಟಿಗೆ ಗಿಡ್ಡ ಮೋಡ. ಹನಿಗಳು ಹನಿಗಳೊಡನೆ ಕೂಡಿ ಹಿಮದ ಮಟ್ಟಕ್ಕೆ ಏರುವ ಮೊದಲೇ ಮಳೆಯಾಗಿ ಇಳಿದುಬಿಡುತ್ತವೆ. ಬೇಸಗೆಯ ಸಂಜೆಯ ಮೋಡವಾದರೋ ೧೨-೧೫ ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಸಿಡಿಲಿನ ಕಾರ್ಖಾನೆ ಅಲ್ಲಿ.

ಇನ್ನು ಸಿಡಿಲು ಕೆಳಗೆ ಬರುವ ಬಗೆ. ಬ್ರಿಟಿಷ್ ವಿಜ್ಞಾನಿ ಬಾಯ್ಸ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ತಿರುಗುವ ಮಸೂರಗಳುಳ್ಳ ಒಂದು ಕ್ಯಾಮರಾವನ್ನು ರೂಪಿಸಿದ. ಮಿಂಚಿನ ಯಾವ ಭಾಗ ಮೊದಲು ಬೆಳಗಿತು, ಯಾವುದು ನಂತರ ಎಂಬುದನ್ನು ಅದರ ಚಿತ್ರದಿಂದ ಎಣಿಸಬಹುದಾಗಿತ್ತು. ಪಾಪ, ಅವನೇ ಅದನ್ನು ಹಿಡಿದು ವರ್ಷಗಟ್ಟಲೆ ಕಾದರೂ ಒಳ್ಳೆಯ ಮಿಂಚು ಒದಗಲಿಲ್ಲ. ೧೯೩೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಷಾನ್‌ಲ್ಯಾಂಡ್ ಮತ್ತು ಸಂಗಡಿಗರು ಆ ಬಗೆಯ ಕ್ಯಾಮರಾದಿಂದಲೇ ಸಿಡಿಲಿನ ನಡಿಗೆಯನ್ನು ಬಿಡಿಸಿ ತೋರಿಸಿದರು.

ಆ ನಡಿಗೆ ವಿಚಿತ್ರವಾದದ್ದು. ಮೊದಲು ಮೋಡದಿಂದ ಹೊರಡುವುದು ಕಣ್ಣಿಗೆ ಕಾಣದಷ್ಟು ಮಂಕಾದ ಒಂದು ಎಳೆ. ಅದನ್ನು ಮುಂಗಾಮಿ ಎನ್ನೋಣ. ಅದು ಒಂದೇ ಓಟದಲ್ಲಿ ಬರುವುದಿಲ್ಲ. ಸುಮಾರು ೫೦ ಮೀಟರ್ ಜಿಗಿಯುತ್ತದೆ, ಒಂದಿಷ್ಟು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ, ಒಮ್ಮೊಮ್ಮೆ ಕವಲೊಡೆಯುತ್ತದೆ. ನಿಲ್ಲುವುದೆಂದರೂ ಸೆಕೆಂಡಿನ ಹತ್ತು ಲಕ್ಷದ ೨೦ರಿಂದ ೫೦ ಭಾಗ ಮಾತ್ರ. ಕತ್ತಲಲ್ಲಿ ಕೋಲೂರಿ ಹೆಜ್ಜೆಹೆಜ್ಜೆಗೂ ನೆಲ ತಡಕುತ್ತ ಬರುವ ಕುರುಡನಂತೆ ಅದು ಬರುತ್ತದೆ. ಈ ತಡಕಾಟದ ಸರಾಸರಿ ವೇಗವೇ ಸೆಕೆಂಡಿಗೆ ೨೦೦ ಕಿಲೋಮೀಟರ್!

ಅದು ನೆಲದ ಹತ್ತಿರ ಬಂದಾಗ ಒಂದು ಹೊಸ ಸಂಗತಿ ನಡೆಯುತ್ತದೆ. ಮೇಲಿನ ಋಣದ ಸೆಳೆತಕ್ಕೆ ನೆಲದಲ್ಲಿ ಎತ್ತರವಾದದ್ದು, ಮೊನಚಾದದ್ದು ಎಲ್ಲವೂ ಮೇಲಕ್ಕೆ ತಮ್ಮದೊಂದು ಎಳೆಯನ್ನು ಚಾಚುತ್ತವೆ. ಬೇಲೂರಿನ ಗೋಪುರದ ಕಲಶ, ಮಗ್ಗುಲಿನ ತೆಂಗು, ಅದರಾಚೆಯ ವಿದ್ಯುತ್ ಕಂಬ, ಬಯಲಲ್ಲಿ ನಿಂತ ಮನುಷ್ಯನ ತಲೆ ಕೂಡ, ಒಂದೇ ಗಳಿಗೆಯಲ್ಲಿ ಕೈಯೆತ್ತುತ್ತವೆ ಎನ್ನಬಹುದು. ಇವುಗಳಲ್ಲಿ ಯಾವ ಕೈ ಮುಂಗಾಮಿಯನ್ನು ಮೊದಲು ಮುಟ್ಟುತ್ತದೆಯೋ ಆ ದಾರಿ ಸಿದ್ಧವಾಯಿತು. ಆಗ ನೆಲದಿಂದ ಮೇಲಕ್ಕೆ, ಬೆಳಕಿನ ವೇಗದ ಮೂರನೆಯ ಒಂದರಿಂದ ಅರ್ಧದಷ್ಟು ವೇಗದಲ್ಲಿ, ಪ್ರಖರವಾದ ಬೆಳಗು ಏರುತ್ತದೆ. ನಾವು ನೋಡುವ ಮಿಂಚು ಇದೇ. ಇದನ್ನು ಮರುಹೊಡೆತ ಎನ್ನೋಣ. ಆ ದಾರಿಯ ಗಾಳಿ ಸುಮಾರು ೩೦೦೦೦ ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಯ ಐದರಷ್ಟು. ಹಾಗೆ ಕಾದ ಗಾಳಿ ಥಟ್ಟನೆ ಹಿಗ್ಗುವುದರಿಂದಲೇ ಗುಡುಗು. ಅನೇಕ ವೇಳೆ ಅದೇ ದಾರಿಯಲ್ಲಿ ಮತ್ತೆ ಮೂರು ನಾಲ್ಕು ಹೊಡೆತಗಳು ಆಗುತ್ತವೆ. ಮಿಂಚು ಮಿಣುಕಿದಂತೆ ಕಾಣುವುದು ಅದಕ್ಕಾಗಿ.

ಅಂದರೆ ಸಿಡಿಲು ಮೇಲಿನಿಂದ ಸುಮ್ಮನೆ ಬೀಳುವ ವಸ್ತುವಲ್ಲ. ಮೋಡ ಅರ್ಧ ದಾರಿ ಬಂದರೆ ಭೂಮಿ ಎದ್ದು ಎದುರುಗೊಳ್ಳುತ್ತದೆ. ಈ ಮಾತು ಪಕ್ಕಾ ಆದದ್ದು ಎತ್ತರದ ಕಟ್ಟಡಗಳಿಂದ. ನ್ಯೂಯಾರ್ಕಿನಲ್ಲಿ ೧೯೩೧ರಲ್ಲಿ ಕಟ್ಟಿ ಮುಗಿಸಿದ ಎಂಪೈರ್ ಸ್ಟೇಟ್ ಕಟ್ಟಡದ ಎತ್ತರ ೩೮೧ ಮೀಟರ್. ಅದಕ್ಕೆ ಬಡಿಯುವ ಮಿಂಚನ್ನು ಇಂಜಿನಿಯರುಗಳು ಅಭ್ಯಾಸ ಮಾಡಿದಾಗ, ಬಹಳಷ್ಟು ಮಿಂಚುಗಳಲ್ಲಿ ಮುಂಗಾಮಿ ಹೊರಟದ್ದು ಮೋಡದಿಂದಲ್ಲ, ಕಟ್ಟಡದ ತುದಿಯಿಂದಲೇ ಎಂಬುದು ಕಂಡಿತು. ಸಾಕಷ್ಟು ಎತ್ತರದ ವಸ್ತು ಸಿಡಿಲಿಗಾಗಿ ಕಾಯುವುದಿಲ್ಲ, ತಾನೇ ಅದನ್ನು ಹುಟ್ಟಿಸುತ್ತದೆ.

ಹಾಗಿದ್ದರೆ, ಬೇಕೆಂದಾಗ ಅಂಥ ಎತ್ತರದ ವಸ್ತುವೊಂದನ್ನು ಗಳಿಗೆಯೊಳಗೆ ಮೋಡದ ಕೆಳಗೆ ಎಬ್ಬಿಸಿ ನಿಲ್ಲಿಸಬಹುದೆ? ಗಜಗೌರಿ ವ್ರತದ ಕಥೆಯಲ್ಲಿ ಐರಾವತವನ್ನು ಇಳಿಸಿ ತರಲು ಅರ್ಜುನ ಬಾಣಗಳಿಂದಲೇ ಸ್ವರ್ಗಕ್ಕೆ ಮೆಟ್ಟಿಲು ಕಟ್ಟಿದನಷ್ಟೆ. ೧೯೬೦ರ ದಶಕದಲ್ಲಿ ಅಮೆರಿಕದ ನ್ಯೂಮನ್ ಮತ್ತು ಸಂಗಡಿಗರು ಫ್ಲಾರಿಡದ ಸಮುದ್ರದಲ್ಲಿ ಹಡಗಿನಿಂದ ಮಾಡಿದ್ದೂ ಹೆಚ್ಚುಕಡಿಮೆ ಅದೇ. ಮೋಡದತ್ತ ಸಣ್ಣ ರಾಕೆಟ್ಟುಗಳನ್ನು ಬಿಟ್ಟರು; ರಾಕೆಟ್ಟಿನ ಬಾಲಕ್ಕೆ ತೆಳುವಾದ ತಂತಿ, ತಂತಿಯ ಬುಡ ಹಡಗಿನ ಮೂಲಕ ಸಮುದ್ರಕ್ಕೆ. ಸಿಡಿಲು ಓಗೊಟ್ಟಿತು. ೧೯೭೩ರಲ್ಲಿ ಫ್ರಾನ್ಸಿನ ಸೇಂಟ್ ಪ್ರಿವಾ ದಾಲಿಯೇ ಎಂಬಲ್ಲಿ ನೆಲದ ಮೇಲೂ ಇದು ಸಾಧ್ಯವಾಯಿತು. ಆಮೇಲೆ ಜಪಾನ್, ಚೀನ, ಅಮೆರಿಕಗಳಲ್ಲಿ ಇದಕ್ಕೆಂದೇ ಬಯಲುಗಳು ಏರ್ಪಟ್ಟವು. ಫ್ಲಾರಿಡದ ಕ್ಯಾಂಪ್ ಬ್ಲಾಂಡಿಂಗ್ ಎಂಬಲ್ಲಿ ೧೯೯೩ರಿಂದ ನಡೆದ ಪ್ರಯೋಗಗಳು ಇವುಗಳಲ್ಲಿ ಪ್ರಸಿದ್ಧ.

ನಡುವೆ ೧೯೬೯ರ ನವೆಂಬರ್ ೧೪ರಂದು ಈ ಪಾಠವನ್ನು ಬೇರೊಂದು ರಾಕೆಟ್ಟು ಜಗತ್ತಿಗೆಲ್ಲ ಸಾರಿತು. ಚಂದ್ರನತ್ತ ಹೊರಟ ಅಪೋಲೊ ೧೨ ನೌಕೆ ಮಳೆಮೋಡದೊಳಗೆ ನುಗ್ಗಿದ ಒಂದು ನಿಮಿಷದೊಳಗೆ ಅದಕ್ಕೆ ಎರಡು ಸಲ ಸಿಡಿಲು ಬಡಿಯಿತು. ರಾಕೆಟ್ಟೂ ಅದರ ಉದ್ದನೆಯ ಬೆಂಕಿಯ ಬಾಲವೂ ಸೇರಿ ಆಕಾಶದಲ್ಲಿ ಒಂದು ಮಹಾ ಸಲಾಕೆಯಂತಾಗಿ, ತಾವೇ ಸಿಡಿಲನ್ನು ಹುಟ್ಟಿಸಿದ್ದವು. ಯಾತ್ರಿಕರು ಪಾರಾದರು, ಚಂದ್ರನನ್ನೂ ಮುಟ್ಟಿದರು. ೧೯೮೭ರಲ್ಲಿ ಯಾತ್ರಿಕರಿಲ್ಲದ ಇನ್ನೊಂದು ಅಮೆರಿಕನ್ ರಾಕೆಟ್ಟು ಇದೇ ಕಾರಣದಿಂದ ನಾಶವಾಯಿತು.

ಪ್ರಯೋಗದ ಬಯಲಿನಲ್ಲಿ ಏನು ನಡೆಯುತ್ತದೆಂಬುದನ್ನು ಚಿತ್ರಿಸಿಕೊಳ್ಳಿ. ಒಂದು ಮೀಟರ್ ಉದ್ದದ ರಾಕೆಟ್ಟು. ಅದಕ್ಕೆ ಸುತ್ತಿಟ್ಟ ಕೂದಲೆಳೆಯಂಥ ತಾಮ್ರದ ತಂತಿ, ಸುಮಾರು ೦.೨ ಮಿಲಿಮೀಟರ್ ದಪ್ಪ. ತಂತಿಯ ಬುಡದಲ್ಲಿ ವಿದ್ಯುತ್ ಪ್ರವಾಹವನ್ನು ಅಳೆಯುವ ಸಲಕರಣೆ. ವಿಜ್ಞಾನಿಗಳು ದೂರದಲ್ಲಿ, ಲೋಹದ ಗೋಡೆಗಳ ಕೋಣೆಯಲ್ಲಿ. ಅಳತೆಗಳು ಅವರಿಗೆ ಬರುವುದು ಗಾಜಿನ ಎಳೆಗಳ ಮೂಲಕ, ಬೆಳಕಿನ ರೂಪದಲ್ಲಿ. ಲೋಹದ ತಂತಿಯಾದರೆ ಅಳತೆಯ ಜೊತೆಗೆ ಸಿಡಿಲೂ ಒಳಗೆ ಬಂದೀತು! ನಿರ್ಮಲವಾದ ದಿನ ನೆಲದ ಹತ್ತಿರ ಒಂದು ಮೀಟರ್ ಎತ್ತರಕ್ಕೆ ೧೦೦ ವೋಲ್ಟಿನಷ್ಟು ವಿದ್ಯುತ್ ಬಲ ಇರುತ್ತದೆ. ಗುಡುಗು ಮೋಡ ನೆತ್ತಿಯ ಮೇಲೆ ಬಂದಾಗ ಅದು ಹಲವು ಸಾವಿರ ವೋಲ್ಟಿಗೆ ಏರುತ್ತದೆ. ಮುಳ್ಳು ಬೇಕಾದಲ್ಲಿಗೆ ಬಂದೊಡನೆ ರಾಕೆಟ್ಟನ್ನು ಬಿಡುತ್ತಾರೆ. ಅದು ಸೆಕೆಂಡಿಗೆ ೧೫೦-೨೦೦ ಮೀಟರ್ ವೇಗದಲ್ಲಿ ಏರುತ್ತದೆ. ಸಾಮಾನ್ಯವಾಗಿ ೨೦೦ರಿಂದ ೪೦೦ ಮೀಟರ್ ಎತ್ತರದಲ್ಲಿ ತಂತಿಯ ತುದಿಯಿಂದ ಮುಂಗಾಮಿಯೊಂದು ಮೋಡದತ್ತ ಹೊರಡುತ್ತದೆ. ಎಲ್ಲ ರಾಕೆಟ್ಟುಗಳೂ ಸಿಡಿಲನ್ನು ತರುವುದಿಲ್ಲ. ಎಷ್ಟೋ ಸಲ ತಂತಿ ಸುಮ್ಮನೆ ಬಯಲಿನ ಮೇಲೆ ಒರಗುತ್ತದೆ.

ಬಂದಾಗ ನೋಡುವಂಥದು. ಇಷ್ಟು ವೇಗವಾಗಿ ತಂತಿಯನ್ನು ಎಬ್ಬಿಸುವುದಕ್ಕೂ ಒಂದು ಕಾರಣವಿದೆ. ನಿಂತ ಕಂಬದ ತುದಿಯಿಂದ ಸೋರುವ ವಿದ್ಯುತ್ತು ಸುತ್ತಲೂ ಒಂದು ಮುಸುಕನ್ನು ಹೊದಿಸಿ ಸೆಳೆತವನ್ನು ತಗ್ಗಿಸುತ್ತದೆ. ರಾಕೆಟ್ಟು ಆ ಮುಸುಕು ಕಟ್ಟಿಕೊಳ್ಳುವ ಮೊದಲೇ ಮುಂದೆ ಸಾಗಿರುತ್ತದೆ. ಮೊದಲು ಕೆಲವು ನೂರು ಆಂಪಿಯರುಗಳ ಪ್ರವಾಹ ಹರಿದು ತಂತಿಯನ್ನು ಆವಿಯಾಗಿಸುತ್ತದೆ. ಛಾಯಾಚಿತ್ರಗಳಲ್ಲಿ ಸಿಡಿಲಿನ ಕೆಳಭಾಗ ನೂಲು ಹಿಡಿದಂತೆ ನೇರ, ತಾಮ್ರದ ಆವಿಯಿಂದ ತುಸು ಹಸಿರು. ತಂತಿ ಮುಗಿದಲ್ಲಿಂದ ಮೇಲೆ ಅದೇ ಹಳೆಯ ವಕ್ರಗತಿ. ಕ್ಷಣಕಾಲ ಎಲ್ಲವೂ ತಣ್ಣಗಾಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ಮೋಡದಿಂದ ಒಂದು ಎಳೆ ಬಾಣದಂತೆ, ಈ ಸಲ ಹೆಚ್ಚಾಗಿ ನಿಲ್ಲದೆ, ಸೆಕೆಂಡಿಗೆ ಸುಮಾರು ೧೦೦೦೦ ಕಿಲೋಮೀಟರ್ ವೇಗದಲ್ಲಿ ಇಳಿದು, ಮರುಹೊಡೆತ ಆಗುತ್ತದೆ. ಇಂಥ ಹೊಡೆತಗಳ ಪ್ರವಾಹ ಸಾಮಾನ್ಯವಾಗಿ ೧೦ರಿಂದ ೧೫ ಸಾವಿರ ಆಂಪಿಯರ್. ನೈಸರ್ಗಿಕ ಸಿಡಿಲಿನ ಮೊದಲ ಹೊಡೆತ ಇದರ ಎರಡರಷ್ಟು; ಎರಡನೆಯ ಮೂರನೆಯ ಹೊಡೆತಗಳಾದರೋ ಕರೆದು ತರಿಸಿದವುಗಳನ್ನೇ ಹೋಲುತ್ತವೆ. ಆದ್ದರಿಂದಲೇ ಈ ಪ್ರಯೋಗಗಳಿಗೆ ಬೆಲೆ.

ಕಲಿತದ್ದೇನು? ಒಂದೆರಡನ್ನು ಹೇಳಿದರೆ ಸಾಕು. ಕರೆದು ತರಿಸಿದ ಸಿಡಿಲಿನ ಬಳಿ ಇಟ್ಟ ಉಪಕರಣಗಳು, ಮುಂಗಾಮಿ ನೆಲವನ್ನು ಸಮೀಪಿಸುವಾಗ ಎಕ್ಸ್-ಕಿರಣಗಳು ಹೊಮ್ಮುತ್ತವೆಂದು ೨೦೦೩ರಲ್ಲಿ ತೋರಿಸಿದವು. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕಿರಣವನ್ನು ಬರಿಯ ಗಾಳಿಯಲ್ಲಿ ಹುಟ್ಟಿಸುವಷ್ಟು ಬಿರುಸು ಆ ಮಂಕು ಎಳೆಯ ತುದಿಗೆ ಇದೆ. ಎರಡನೆಯದು ನೆಲದ ಮಾತು. ಸಿಡಿಲು ಭೂಮಿಗೆ ಇಳಿದೊಡನೆ ಮಾಯವಾಗುತ್ತದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಫ್ಲಾರಿಡದ ಮರಳಿನಲ್ಲಿ ಅದು ಇಳಿದ ದಾರಿಯನ್ನು ಅಗೆದಾಗ, ಮರಳು ಕರಗಿ ಗಾಜಿನ ಕೊಳವೆಯಾಗಿತ್ತು. ಅಂಥ ಒಂದು ಕೊಳವೆಯ ಉದ್ದ ೫ ಮೀಟರಿನಷ್ಟು. ಅಲಬಾಮದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಬಡಿದ ಜಾಗದಿಂದ ೨೦ ಮೀಟರಿನವರೆಗೂ ನೆಲದ ಮೇಲೆ ಬೆಂಕಿಯ ಬೇರುಗಳಂತೆ ಕಿಡಿಗಳು ಹರಿದುಹೋದುದನ್ನು ಛಾಯಾಚಿತ್ರ ಹಿಡಿಯಿತು.

ನಮ್ಮ ತೋಟದ ಎತ್ತುಗಳ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಸಾವಿರಾರು ಆಂಪಿಯರುಗಳ ಪ್ರವಾಹ ಮರದ ಬುಡದಿಂದ ನೆಲದಲ್ಲಿ ಎಲ್ಲ ದಿಕ್ಕಿಗೂ ಹರಡುವಾಗ, ಬುಡಕ್ಕೆ ಹತ್ತಿರದ ನೆಲಕ್ಕೂ ತುಸು ದೂರದ ನೆಲಕ್ಕೂ ನಡುವೆ ಭಾರಿ ವಿದ್ಯುತ್ ವ್ಯತ್ಯಾಸ ಉಂಟಾಗುತ್ತದೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರ. ಆ ವ್ಯತ್ಯಾಸವೆಲ್ಲ ಅದರ ಮೈಯೊಳಗಿನಿಂದ, ಎದೆಯನ್ನು ಹಾದು, ಹರಿಯಿತು. ಪಾದ ಜೋಡಿಸಿ ಮುದುರಿ ಕುಳಿತ ಮನುಷ್ಯನ ಪಾದಗಳ ನಡುವೆ ಅಂಥ ಅಂತರ ಇರಲಿಲ್ಲ. ಅವನು ಉಳಿದದ್ದು ಅದರಿಂದ. ಇಂದ್ರನ ಪಕ್ಷಪಾತವಲ್ಲ, ಹೆಜ್ಜೆಯ ಅಳತೆ! ಹಾಗೆಂದು ಅವನು ಕುಳಿತ ಜಾಗ ಸುರಕ್ಷಿತವಾಗಿತ್ತು ಎನ್ನುವಂತಿಲ್ಲ. ಇನ್ನೂ ನಾಲ್ಕು ಹೆಜ್ಜೆ ಮರದತ್ತ ಸರಿದಿದ್ದರೆ, ಮರಕ್ಕಿಂತ ಸುಲಭವಾದ ದಾರಿಯೆಂದು ಸಿಡಿಲು ಕಾಂಡವನ್ನು ಬಿಟ್ಟು ಅವನ ಮೈಗೆ ಹಾರುತ್ತಿತ್ತು. ಮರದ ಕೆಳಗೆ ಸಾಯುವವರಲ್ಲಿ ಎಷ್ಟೋ ಮಂದಿ ಸಾಯುವುದು ಹೀಗೆ.

ಇಂಥ ವಿಚಾರಗಳಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧಿಕ ವೋಲ್ಟೇಜಿನ ಪ್ರಯೋಗಾಲಯವಿದೆ. ಅಲ್ಲಿ ಸಿಡಿಲನ್ನು ಕರೆಯುವುದಿಲ್ಲ, ಅನುಕರಿಸುತ್ತಾರೆ. ಸಾಲುಸಾಲಾಗಿ ಜೋಡಿಸಿದ ಸಂಗ್ರಾಹಕಗಳನ್ನು ಒಂದೊಂದಾಗಿ ವಿದ್ಯುತ್ತಿನಿಂದ ತುಂಬಿ, ಎಲ್ಲವನ್ನೂ ಒಂದೇ ಸರಪಳಿಯಾಗಿ ಥಟ್ಟನೆ ಬರಿದುಮಾಡಿದರೆ ಲಕ್ಷಾಂತರ ವೋಲ್ಟಿನ ಕಿಡಿ ಹಾರುತ್ತದೆ. ವಿದ್ಯುತ್ ಮಾರ್ಗಗಳೂ ಉಪಕರಣಗಳೂ ಸಿಡಿಲನ್ನು ತಾಳುವುದು ಹೇಗೆಂಬುದನ್ನು ಹೀಗೆ ಪರೀಕ್ಷಿಸಬಹುದು. ಶ್ರೀಹರಿಕೋಟೆಯಲ್ಲಿ ಉಪಗ್ರಹಗಳನ್ನು ಹೊತ್ತು ನಿಲ್ಲುವ ರಾಕೆಟ್ಟುಗಳಿಗೆ ಸಿಡಿಲಿನಿಂದ ರಕ್ಷಣೆ ಸಾಕಷ್ಟಿದೆಯೆ ಎಂಬ ವಿಚಾರದಲ್ಲೂ ಈ ಸಂಸ್ಥೆಯ ವಿಜ್ಞಾನಿಗಳು ಸಂಶೋಧನೆ ನಡೆಸಿದ್ದಾರೆ. ಆದರೆ ಕೋಣೆಯೊಳಗಿನ ಕಿಡಿಯ ಉದ್ದ ಕೆಲವು ಮೀಟರ್. ನಿಜವಾದ ಮುಂಗಾಮಿಯ ಒಂದು ಜಿಗಿತವೇ ಅದಕ್ಕಿಂತ ಎಷ್ಟೋ ದೊಡ್ಡದು. ಸಮುದ್ರವನ್ನು ಹಂಡೆಯಲ್ಲಿ ಅರಿಯುವುದಕ್ಕೆ ಒಂದು ಮಿತಿ ಇದೆ. ಆದ್ದರಿಂದ ಪ್ರಯೋಗಾಲಯ ಬೇಕು, ಬಯಲೂ ಬೇಕು.

ಕರೆಯುವ ಸಾಧನಗಳೂ ಬದಲಾಗುತ್ತಿವೆ. ಸ್ವಿಟ್ಜರ್ಲೆಂಡಿನ ಸೆಂಟಿಸ್ ಎಂಬ ಬೆಟ್ಟದ ಮೇಲೆ ೧೨೪ ಮೀಟರಿನ ಗೋಪುರವೊಂದಿದೆ. ೨೦೨೧ರ ಬೇಸಗೆಯಲ್ಲಿ ಅದರ ಪಕ್ಕದಿಂದ ಸೆಕೆಂಡಿಗೆ ಸಾವಿರದಷ್ಟು ಲೇಸರ್ ಮಿಡಿತಗಳನ್ನು ಆಕಾಶಕ್ಕೆ ಹಾಯಿಸಿದರು. ಬೆಳಕು ಹಾದ ದಾರಿಯ ಗಾಳಿ ಕ್ಷಣಕಾಲ ವಿದ್ಯುತ್ತಿಗೆ ಸುಗಮವಾಗಿ, ಗೋಪುರದಿಂದ ಮೇಲೇರಿದ ಮುಂಗಾಮಿಯೊಂದು ಸುಮಾರು ೫೦ ಮೀಟರ್ ಆ ಬೆಳಕಿನ ಜಾಡನ್ನೇ ಹಿಡಿದು ಸಾಗಿತು. ೨೦೨೩ರಲ್ಲಿ ಇದರ ವರದಿ ಪ್ರಕಟವಾಯಿತು. ತಂತಿಯೇ ಇಲ್ಲದ, ಬರಿಯ ಬೆಳಕಿನ ಸಲಾಕೆ! ಫ್ರಾಂಕ್ಲಿನ್‌ನ ಕಬ್ಬಿಣಕ್ಕೆ ೨೭೦ ವರ್ಷಗಳ ಮೇಲೆ ಬಂದ ಮರಿಮಗನಿದು.

ಸಿಡಿಲನ್ನು ಕರೆಯದೆ, ಬರಿದೆ ಕಿವಿಗೊಟ್ಟು ಕೇಳುವ ವಿಧಾನವೂ ಒಂದಿದೆ. ಮಧ್ಯಮ ತರಂಗದ ರೇಡಿಯೋವನ್ನು ಮಳೆಗಾಲದ ಸಂಜೆ ಕೇಳಿದವರಿಗೆ ನಡುನಡುವೆ ಬರುವ ಕರಕರ ಶಬ್ದ ಗೊತ್ತು. ಸಂಗೀತ ಕಚೇರಿಯನ್ನು ಕೆಡಿಸುವ ಆ ಶಬ್ದ ಎಲ್ಲೋ ದೂರದಲ್ಲಿ ಬಡಿದ ಸಿಡಿಲಿನ ಸ್ವಂತ ಪ್ರಸಾರ. ಬೇರೆ ಬೇರೆ ಊರುಗಳಲ್ಲಿಟ್ಟ ಗ್ರಾಹಕಗಳಿಗೆ ಅದ��� ತಲಪಿದ ಕಾಲದ ಸೂಕ್ಷ್ಮ ವ್ಯತ್ಯಾಸದಿಂದ ಸಿಡಿಲು ಬಡಿದ ಜಾಗವನ್ನು ಗುರುತಿಸುತ್ತಾರೆ. ಆ ಗುರುತು ಎಷ್ಟು ಸರಿ ಎಂದು ಒರೆ ಹಚ್ಚಿ ನೋಡುವುದಕ್ಕೆ ಕೂಡ ಕರೆದು ತರಿಸಿದ ಸಿಡಿಲೇ ಬೇಕು. ಅದು ಬಡಿದ ಜಾಗ, ಬಡಿದ ಗಳಿಗೆ ಎರಡೂ ನಿಖರವಾಗಿ ಗೊತ್ತಿರುತ್ತವೆ. ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರದವರು ಇಂಥ ಜಾಲದ ನೆರವಿನಿಂದ ಮೊಬೈಲ್ ಫೋನಿನಲ್ಲಿ ಎಚ್ಚರಿಕೆ ಕೊಡುವ ಏರ್ಪಾಟು ಮಾಡಿ, ಅದಕ್ಕೆ ‘ಸಿಡಿಲು’ ಎಂದೇ ಹೆಸರಿಟ್ಟರು.

ಎಚ್ಚರಿಕೆ ಬೇಕೆ ಎಂದರೆ, ಬೇಕು. ೨೦೨೧ರಲ್ಲಿ, ಮತ್ತೆ ೨೦೨೨ರಲ್ಲಿ, ಭಾರತದಲ್ಲಿ ಸಿಡಿಲಿಗೆ ಸಿಕ್ಕಿ ಸತ್ತವರ ಸಂಖ್ಯೆ ವರ್ಷಕ್ಕೆ ೨೮೦೦ನ್ನು ಮೀರಿತು. ಹೆಚ್ಚಿನವರು ಹೊಲದಲ್ಲಿ, ತೋಟದಲ್ಲಿ, ದನದ ಹಿಂದೆ ಇದ್ದ ಹಳ್ಳಿಯ ಜನ. ಅವರಿಗೆ ಮಳೆ ಬಂದಾಗ ಓಡುವ ಆಸರೆಯೆಂದರೆ ಮರ. ಅರಸೀಕೆರೆಯ ಕಡೆ ಅದು ತೆಂಗು. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಕೈಚಾಚಿದ ಮರವೂ ಅದೇ. ಒಣ ಮೈಯಿಂದ ಮನೆಗೆ ಹೋಗುವ ಆಸೆಗೆ ಜೀವ ತೆರುವುದೆಂದರೆ ಎಂಥ ದುಃಖ!

ಇಷ್ಟೆಲ್ಲ ವಿಜ್ಞಾನದಿಂದ ಬರುವ ಬುದ್ಧಿಮಾತು ಚಿಕ್ಕದು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಎಣಿಕೆ ೩೦ರ ಒಳಗಿದ್ದರೆ ಗಟ್ಟಿಯಾದ ಮನೆಯೊಳಕ್ಕೋ, ಲೋಹದ ಮೈಯುಳ್ಳ ಬಸ್ಸಿನೊಳಕ್ಕೋ ಹೋಗಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು; ಮೋಡದ ಮಗ್ಗುಲಿನಿಂದ ಹೊರಟ ಸಿಡಿಲು ೧೦ ಕಿಲೋಮೀಟರಿಗೂ ಆಚೆ, ಮಳೆಯೇ ಇಲ್ಲದ ಜಾಗದಲ್ಲಿ ಎರಗುವುದುಂಟು. ಬರಸಿಡಿಲು ಎಂಬ ಮಾತು ಬರಿಯ ಅಲಂಕಾರವಲ್ಲ. ಯಾವ ಆಸರೆಯೂ ಇಲ್ಲದೆ ಬಯಲಿನಲ್ಲಿ ಸಿಕ್ಕಿಬಿದ್ದರೆ ಮರದಿಂದ ದೂರ, ತಗ್ಗಿನಲ್ಲಿ, ಪಾದ ಜೋಡಿಸಿ ಮುದುರಿ ಕೂರುವುದು ಕಟ್ಟಕಡೆಯ ಉಪಾಯ. ಮತ್ತೊಂದು ಮಾತನ್ನು ಮರೆಯಬಾರದು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಅಂಜಬೇಕಾಗಿಲ್ಲ. ಹೃದಯ ನಿಂತಿದ್ದರೆ ಎದೆಯನ್ನು ಒತ್ತಿ ಒತ್ತಿ ಮತ್ತೆ ಮಿಡಿಯುವಂತೆ ಮಾಡಲು ಆ ಕೆಲವು ನಿಮಿಷಗಳಲ್ಲಿ ಸಾಧ್ಯ. ಹಾಗೆ ಬದುಕಿದವರಿದ್ದಾರೆ.

ಅಜ್ಜಿಯ ಮಾತಿಗೆ ಬರುತ್ತೇನೆ. ಮಿಂಚಿದೊಡನೆ ಮಕ್ಕಳನ್ನು ಮನೆಯೊಳಗೆ ಕೂರಿಸಿಕೊಂಡು, ಅರ್ಜುನನ ಹತ್ತು ಹೆಸರುಗಳನ್ನು ನಿಧಾನವಾಗಿ ಹೇಳಿಸುತ್ತಿದ್ದರಲ್ಲ, ಅದಕ್ಕೆ ಹತ್ತು ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಹೆಸರುಗಳು ಮುಗಿಯುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಮೂರು ಕಿಲೋಮೀಟರಿನ ಒಳಗೆ ಬಂದಿದೆ ಎಂದರ್ಥ. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಆ ಸಂಜೆ ನಾವೆಲ್ಲ ಒಳಗಿದ್ದೆವು, ತೆಂಗಿನ ಬುಡದಲ್ಲಿ ಇರಲಿಲ್ಲ. ಇಂದಿನ ಮಕ್ಕಳಿಗೂ ಆ ಹೆಸರುಗಳನ್ನು ಹೇಳಿಕೊಡಲು ಅಡ್ಡಿಯಿಲ್ಲ. ಅದನ್ನು ಮನೆಯೊಳಗೆ ಕುಳಿತು ಹೇಳಬೇಕು ಎಂಬುದನ್ನು ಮಾತ್ರ ಜೊತೆಗೆ ಸೇರಿಸೋಣ.